ಮುಳ್ಳಯ್ಯನಗಿರಿಯಿಂದ ಸೈಕಲ್ ಇಳಿಸುವ ಪ್ಯಾಕೇಜ್ ತಗೊಳ್ಳುವ ಮುಂಚೆ ಇದನ್ನು ಓದಿ

ಚಿಕ್ಕಮಗಳೂರಿನಲ್ಲಿ ಸೈಕಲ್ ಬಾಡಿಗೆಗೆ ತಗೊಳ್ಳುವ ಯೋಚನೆ ಇರುವವರು ದಯವಿಟ್ಟು ಓದಿ. ಎರಡು ದಿನ ಆಯ್ತು, ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಸೈಕಲ್ ಜೀಪಿಗೆ ಹೇರಿಕೊಂಡು ಮುಳ್ಳಯ್ಯನಗಿರಿ ದಾರಿಯಲ್ಲಿರುವ ಸೀತಾಳಯ್ಯನಗಿರಿವರೆಗೆ ಬಿಡುತ್ತಾರೆ. ಅಲ್ಲಿಂದ ಕೈಮರ ದಾಟಿ ಊರಿಗೆ ಇಳಿಯುವುದು. ಗೇರ್ ಸೈಕಲ್, ಹೆಲ್ಮೆಟ್, ಹಿಂದೆ ಜೀಪು, ಎಲ್ಲಾ ಸೇರಿ ತಲೆಗೆ 1,800 ರೂಪಾಯಿ. ಸೈಕಲ್‌ಗೆ 2,000 ಡೆಪಾಸಿಟ್ ಬೇರೆ. ನಾನು, ನನ್ನ ತಂಗಿಯ ಮಗ, ಇಬ್ಬರು. ಅವನಿಗೆ 15 ವರ್ಷ. ಹಿಂದಿನ ರಾತ್ರಿಯೇ ಪೂರ್ತಿ ದುಡ್ಡು ಫೋನ್‌ಪೇ ಮಾಡಿದೆ.

ಬೆಳಗ್ಗೆ ಹೋಗುವಷ್ಟರಲ್ಲಿ ಸೈಕಲ್‌ಗಳನ್ನು ಜೀಪಿನ ಮೇಲೆ ಕಟ್ಟಿಯಾಗಿತ್ತು. ಇಳಿಸಿ, ನೋಡ್ತೀನಿ ಅಂದೆ. "ಲೇಟ್ ಆಗುತ್ತೆ ಸರ್, ಮೇಲೆ ಮಂಜು ಬಂದ್ಬಿಡುತ್ತೆ. ಎಲ್ಲಾ ನಿನ್ನೆನೇ ಸರ್ವಿಸ್ ಆಗಿದೆ" ಅಂದ ಸೈಕಲ್ ಬಾಡಿಗೆಗೆ ಕೊಡುವವನು. ಸರಿ ಅಂದುಬಿಟ್ಟೆ. ಅಲ್ಲೇ ನಾನು ಮೋಸ ಹೋಗಿದ್ದು. ಮೂರು ವರ್ಷದಿಂದ ಆಫೀಸಿಗೆ ಸೈಕಲ್‌ನಲ್ಲೇ ಹೋಗುವವನು ನಾನು. ಬ್ರೇಕ್ ಒತ್ತಿ ನೋಡೋಕೆ ಅರ್ಧ ನಿಮಿಷ ಸಾಕಿತ್ತು. ನೋಡಲಿಲ್ಲ.

ಮುಳ್ಳಯ್ಯನಗಿರಿ ಅಂದರೆ 1,930 ಮೀಟರ್, ನಮ್ಮ ರಾಜ್ಯದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಅದರ ರಸ್ತೆ ಹೇಗಿದೆ ಅಂತ ಹೋದವರಿಗೆ ಗೊತ್ತು. ತಿರುವಿನ ಮೇಲೆ ತಿರುವು, ಒಂದು ಕಡೆ ಕಣಿವೆ, ಎದುರಿಗೆ ಸಾಲು ಸಾಲು ಕಾರು. ಮೂರನೇ ತಿರುವಿನಲ್ಲಿ ಹುಡುಗ ಹಿಂದಿನಿಂದ ಕೂಗಿದ, "ಮಾಮಾ, ಬ್ರೇಕ್ ಹಿಡೀತಿಲ್ಲ!" ನೋಡನೋಡುತ್ತಲೇ ನನ್ನನ್ನು ದಾಟಿ ಹೋದ. ಕಾಲು ನೆಲಕ್ಕೆ ಉಜ್ಜುತ್ತಾ ಬೆಟ್ಟದ ಕಡೆಯ ಚರಂಡಿಗೆ ನುಗ್ಗಿಸಿದ. ಅದಕ್ಕೆ ಉಳಿದ. ಮೊಣಕೈ, ಮೊಣಕಾಲು ತರಚಿತು ಅಷ್ಟೇ. ಆಚೆ ಕಡೆ ಹೋಗಿದ್ದರೆ? ತಂಗಿಗೆ ನಾನು ಏನು ಹೇಳಬೇಕಿತ್ತು?

ಸೈಕಲ್ ಎತ್ತಿ ನೋಡಿದೆ. ಹಿಂದಿನ ಬ್ರೇಕ್ ಪ್ಯಾಡ್ ಪೂರ್ತಿ ಸವೆದು ಬರೀ ತಗಡು ಡಿಸ್ಕಿಗೆ ಉಜ್ಜುತ್ತಿತ್ತು. ಮುಂದಿನ ಲಿವರ್ ಒತ್ತಿದರೆ ಹ್ಯಾಂಡಲ್‌ಗೇ ತಾಗುತ್ತಿತ್ತು. ಹಿಂದೆ ಬರಬೇಕಿದ್ದ ಜೀಪಿನ ಪತ್ತೆಯೇ ಇಲ್ಲ. ಫೋನ್ ಮಾಡಿದರೆ, "ಇನ್ನೊಂದು ಪಾರ್ಟಿ ಇದೆ ಸರ್. ಮೆಲ್ಲಗೆ ತಳ್ಕೊಂಡು ಬನ್ನಿ." ತಳ್ಕೊಂಡು ಬನ್ನಿ! ಕೈಮರ ಚೆಕ್‌ಪೋಸ್ಟ್‌ವರೆಗೂ ತಳ್ಳಿಕೊಂಡೇ ಬಂದೆವು.

ಇಷ್ಟೆಲ್ಲಾ ಆದಮೇಲೆ ಡೆಪಾಸಿಟ್‌ನಲ್ಲಿ 1,500 ಹಿಡಿದುಕೊಂಡ. "ಬ್ರೇಕ್ ನೀವೇ ಸವೆಸಿದ್ದೀರಿ ಸರ್. ಹಿಡ್ಕೊಂಡೇ ಇಳಿದ್ರೆ ಹಂಗೇ ಆಗೋದು." ಮೂರು ತಿರುವಿಗೆ ಪ್ಯಾಡ್ ಸವೆಯುತ್ತಾ? ಅದೂ 200-300 ರೂಪಾಯಿ ಪ್ಯಾಡ್. ನಿನ್ನೆನೇ ಸರ್ವಿಸ್ ಆಗಿದೆ ಅಂದ್ರಲ್ಲ ಅಂತ ಕೇಳಿದೆ. "ನಾನು ಹಂಗೆ ಹೇಳೇ ಇಲ್ಲ." ಹುಡುಗನ ಕೈಯಲ್ಲಿ ರಕ್ತ ಬರುತ್ತಿತ್ತು, ಆ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆ ಪ್ಯಾಡ್ ಫೋಟೋ ಕಳಿಸಿದೆ. "ಓಕೆ ಸರ್" ಅಂತ ಬಂತು. ಆಮೇಲೆ ನನ್ನ ನಂಬರ್ ಬ್ಲಾಕ್.

ಎಷ್ಟೇ ಅವಸರ ಮಾಡಲಿ, ಸೈಕಲ್ ಕೆಳಗೆ ಇಳಿಸಿ. ಬ್ರೇಕ್ ಒಂದೊಂದಾಗಿ ಒತ್ತಿ ಹಿಡಿದು ತಳ್ಳಿ ನೋಡಿ. ಆ ಚಕ್ರ ಉರುಳಿದರೆ ಬೇಡ ಅನ್ನಿ. ಅವನ ಎದುರಿಗೇ ವಿಡಿಯೋ ಮಾಡಿಕೊಳ್ಳಿ. ಪೂರ್ತಿ ದುಡ್ಡು ಮೊದಲೇ ಕೊಡಲೇಬೇಡಿ. ನನ್ನ 1,500 ಹೋಯ್ತು, ಹೋಗಲಿ. ಆ ಸೈಕಲ್ ಅದೇ ಬ್ರೇಕ್ ಇಟ್ಟುಕೊಂಡು ಇನ್ಯಾರದೋ ಮಗುವಿಗೆ ಅಂತ ಮತ್ತೆ ಜೀಪು ಹತ್ತುತ್ತೆ, ಅದಕ್ಕೇ ಬರೆದೆ.