ಮೂರು ಬಾರಿ ವಿಂಡೋಸ್ ಹಾಕಿದೆ, ಕೆಟ್ಟಿದ್ದು ರ‍್ಯಾಮ್

ನಿಮ್ಮ ಕಂಪ್ಯೂಟರ್ ಕಾರಣ ಹೇಳದೆ ನೀಲಿ ಪರದೆ ತೋರಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ, ದಯವಿಟ್ಟು ಗಾಬರಿಯಲ್ಲಿ ಬ್ಯಾಕಪ್ ತೆಗೆಯಲು ಕೂರಬೇಡಿ. ವಿಚಿತ್ರ ಸಲಹೆ ಎನಿಸಬಹುದು. ಕ್ರ್ಯಾಶ್‌ಗಳಿಂದ ನನಗೆ ಹೋದದ್ದು ಕೆಲವು ಗಂಟೆಗಳ ಕೆಲಸ. ಆಮೇಲೆ ನಾನೇ ಶ್ರದ್ಧೆಯಿಂದ ಮಾಡಿದ ಬ್ಯಾಕಪ್ ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳನ್ನು ಕೆಡಿಸಿತು.

ಮೊದಲ ಸಲ ಪರದೆಯ ಮೇಲೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದು ಬಂದಿತ್ತು. ಎರಡು ದಿನ ಬಿಟ್ಟು ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’. ಮುಂದಿನ ವಾರ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’. ಹೀಗೆ ಸಲಕ್ಕೊಂದು ಹೆಸರು ಬರುವುದೇ ದೊಡ್ಡ ಸುಳಿವು. ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ತಂತ್ರಾಂಶ) ಒಂದು ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ದೂರು ಮರುಕಳಿಸುತ್ತದೆ; ದೂರು ಬದಲಾಗುತ್ತಲೇ ಇದ್ದರೆ ಹಾರ್ಡ್‌ವೇರ್ ಕಡೆ ನೋಡಬೇಕು. ನಾನು ನೋಡಲಿಲ್ಲ.

ಬದಲಿಗೆ ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ‘ಕರ್ನಲ್-ಪವರ್ 41’ ಎಂಬ ಕೆಂಪು ಗುರುತಿನ ಸಾಲುಗಳು ಕಂಡವು. ಪವರ್ ಎಂದಿದೆಯಲ್ಲ ಎಂದು ಹೊಸ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ತಂದು ಹಾಕಿದೆ. ಆ ಸಾಲು ಹೇಳುವುದು ಇಷ್ಟೇ: ಹಿಂದಿನ ಸಲ ಯಂತ್ರ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು! ನಂತರ ಕ್ರ್ಯಾಶ್ ಆದಾಗ ವಿಂಡೋಸ್ ಉಳಿಸುವ ಮಿನಿಡಂಪ್ ಕಡತಗಳನ್ನು ವಿನ್‌ಡಿಬಿಜಿ ಎಂಬ ತಪಾಸಣೆಯ ತಂತ್ರಾಂಶದಲ್ಲಿ ತೆರೆದೆ. ಒಂದು ಗ್ರಾಫಿಕ್ಸ್ ಡ್ರೈವರ್‌ನತ್ತ ಬೆರಳು ಮಾಡಿತು, ಇನ್ನೊಂದು ಫೈಲ್ ಸಿಸ್ಟಮ್‌ನತ್ತ, ಮತ್ತೊಂದು ವಿಂಡೋಸ್‌ನ ತಿರುಳಾದ ಕರ್ನಲ್‌ನತ್ತಲೇ. ಡಂಪ್ ತೋರಿಸುವುದು ಬಿದ್ದ ಜಾಗವನ್ನು. ತಳ್ಳಿದವರು ಯಾರೆಂಬುದು ಅದರಲ್ಲಿ ಇರಲೇಬೇಕೆಂದಿಲ್ಲ.

ತಾಳ್ಮೆ ಕೆಟ್ಟು ಎಲ್ಲ ಫೋಟೊಗಳನ್ನೂ ಹೊರಗಿನ ಡಿಸ್ಕ್‌ಗೆ ಹಳೆಯ ಪ್ರತಿಗಳ ಮೇಲೆಯೇ ನಕಲಿಸಿದೆ. ಒಳಗಿನದನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದೆ. ಕ್ರ್ಯಾಶ್. ಮತ್ತೆ ಹಾಕಿದೆ. ಮೂರನೆಯ ಸಲ ಹಾಕುವಾಗ ಅರ್ಧಕ್ಕೇ ‘ಕಡತ ದೋಷಪೂರಿತ’ ಎಂದು ನಿಂತಿತು. ಅನುಮಾನ ಬಂದು ವಿಂಡೋಸ್ ಹಾಕಲು ಬಳಸಿದ ಪೆನ್‌ಡ್ರೈವ್ ಅನ್ನು ಬೇರೆ ಯಂತ್ರಕ್ಕೆ ಹಾಕಿದರೆ ಎಲ್ಲ ಸರಿಯಾಗಿತ್ತು. ನನ್ನ ಯಂತ್ರವನ್ನು ಹೇಗೋ ಎಬ್ಬಿಸಿ ಒಂದೇ ದೊಡ್ಡ ಕಡತದ ಎಸ್‌ಎಚ್‌ಎ-256 ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಖ್ಯೆ; ಕಡತ ಬದಲಾಗದಿದ್ದರೆ ಪ್ರತಿ ಸಲವೂ ಒಂದೇ ಬರಬೇಕು) ಅನ್ನು ಎರಡು ಸಲ ಲೆಕ್ಕ ಹಾಕಿಸಿದೆ. ಎರಡು ಬೇರೆ ಬೇರೆ ಉತ್ತರ ಬಂದವು. ಕೂಡಿಸುವ ಲೆಕ್ಕವನ್ನೇ ತಪ್ಪು ಮಾಡುವ ಗುಮಾಸ್ತನ ಕೈಗೆ ಮನೆಯ ಪತ್ರಗಳನ್ನೆಲ್ಲ ಕೊಟ್ಟು ನಕಲು ಮಾಡಿಸಿದ್ದೆ ಎಂದು ಆಗ ಅರಿವಾಯಿತು.

ನಕಲಾಗುವ ಕಡತ ಹಾದುಹೋಗುವುದು ರ‍್ಯಾಮ್ ಎಂಬ ತಾತ್ಕಾಲಿಕ ಮೆಮೊರಿಯ ಮೂಲಕ, ಹಾಗಾಗಿ ಅದನ್ನು ಪರೀಕ್ಷಿಸಲು ಹೊರಟೆ. ವಿಂಡೋಸ್‌ನದೇ ಮೆಮೊರಿ ಪರೀಕ್ಷೆ ‘ದೋಷವಿಲ್ಲ’ ಎಂದಿತು. ಅದನ್ನು ನಂಬಿ ನಿಲ್ಲಬೇಡಿ. ಮೆಮೊರಿಯನ್ನೇ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪರದೆಯ ತುಂಬ ದೋಷಗಳ ಸಾಲು. ಇರಬೇಕಾದ ಮೌಲ್ಯ, ಸಿಕ್ಕಿದ ಮೌಲ್ಯ ಅಕ್ಕಪಕ್ಕದಲ್ಲಿದ್ದವು. ಎಂಟು ಅಂಕಿಗಳಲ್ಲಿ ಏಳು ಒಂದೇ, ಒಂದು ಮಾತ್ರ ಬೇರೆ. ಪ್ರತಿ ಸಾಲಿನಲ್ಲೂ ಅದೇ ಒಂದು ಬಿಟ್. ಇಸಿಸಿ (ತಪ್ಪು ಹಿಡಿದು ತಿದ್ದುವ ವ್ಯವಸ್ಥೆ) ಇಲ್ಲದ ಸಾಮಾನ್ಯ ರ‍್ಯಾಮ್‌ನಲ್ಲಿ ಇಂಥ ತಪ್ಪನ್ನು ಹಿಡಿಯುವವರೇ ಇರುವುದಿಲ್ಲ.

ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ನಿಲ್ಲಿಸಿ ಆ ವೇಗವನ್ನು 3200ರಿಂದ 2133ಕ್ಕೆ ಇಳಿಸಿದೆ. ಕೆಲವರಿಗೆ ಇಷ್ಟೇ ಸಾಕಾಗುತ್ತದೆ, ನನಗೆ ಆಗಲಿಲ್ಲ. ರ‍್ಯಾಮ್‌ನ ಎರಡು ಸ್ಟಿಕ್‌ಗಳನ್ನು ಒಂದೊಂದಾಗಿ, ಮದರ್‌ಬೋರ್ಡ್‌ನಲ್ಲಿ ಅವು ಕೂರುವ ಸ್ಲಾಟ್ ಬದಲಿಸಿ ಪರೀಕ್ಷಿಸಿದಾಗ ಒಂದು ಸ್ಟಿಕ್ ಯಾವ ಸ್ಲಾಟ್‌ಗೆ ಹಾಕಿದರೂ ದೋಷ ತೋರಿಸಿತು. ಸ್ಲಾಟ್ ಬದಲಿಸದೆ ತೀರ್ಮಾನಕ್ಕೆ ಬಂದರೆ ಮದರ್‌ಬೋರ್ಡ್‌ನ ತಪ್ಪನ್ನು ರ‍್ಯಾಮ್ ಹೊರಬೇಕಾಗುತ್ತದೆ.

ಡಿಸ್ಕ್ ಮೇಲೂ ಅನುಮಾನವಿದ್ದು ಕಡತಗಳನ್ನು ತುರ್ತಾಗಿ ಉಳಿಸಬೇಕಿದ್ದರೆ, ಡಿಸ್ಕ್ ಬಿಚ್ಚಿ ಆರೋಗ್ಯವಾಗಿರುವ ಇನ್ನೊಂದು ಯಂತ್ರದಲ್ಲಿ ನಕಲಿಸಿ. ಹಳೆಯ ಬ್ಯಾಕಪ್ ಮೇಲೆ ಬರೆಯಲೇಬೇಡಿ.

ಕೆಟ್ಟ ಸ್ಟಿಕ್ ತೆಗೆದು ನಾಲ್ಕನೆಯ ಸಲ ವಿಂಡೋಸ್ ಹಾಕಿದ ಮೇಲೆ ಒಮ್ಮೆಯೂ ನೀಲಿ ಪರದೆ ಬಂದಿಲ್ಲ. ಫೋಟೊಗಳಲ್ಲಿ ಕೆಲವು ಮೇಲರ್ಧ ಮುಖ, ಕೆಳಗರ್ಧ ಬೂದು ಬಣ್ಣ. ಯಾವುದು ಉಳಿದಿದೆ ಎಂದು ಒಂದೊಂದನ್ನೇ ತೆರೆದು ನೋಡುತ್ತಿದ್ದೇನೆ. ಈಗಿನ್ನೂ 2014ಕ್ಕೆ ಬಂದಿದ್ದೇನೆ.