ಬಳಸಬಾರದೆಂದು ಬದಿಗಿಟ್ಟ ಸ್ಲಿಂಗ್ ಮತ್ತೆ ಕ್ರೇನ್ ಹುಕ್‌ಗೆ ಬಂದ ಬಗೆ

ಭಾರವನ್ನು ಸುತ್ತಿ ಕ್ರೇನ್ ಹುಕ್‌ಗೆ ತೂಗುಹಾಕುವ ನೂಲಿನ ಪಟ್ಟಿಗಳನ್ನು, ಅಂದರೆ ಬೆಲ್ಟ್ ಸ್ಲಿಂಗ್‌ಗಳನ್ನು ದಿನನಿತ್ಯ ಬಳಸುವವರು ಎಚ್ಚರದಿಂದಿರಲಿ ಎಂದು, ಇದರಲ್ಲಿ ನನ್ನ ತಪ್ಪೇ ಹೆಚ್ಚಿದ್ದರೂ, ನಡೆದುದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ದುರಸ್ತಿಯಾದ ಗೇರ್‌ಬಾಕ್ಸೊಂದನ್ನು ಅದರ ಪೀಠದ ಮೇಲೆ ಕೂರಿಸಬೇಕಿತ್ತು. ತೂಕ ಸುಮಾರು ಒಂದೂವರೆ ಟನ್. ಹಸಿರು ಬಣ್ಣದ 2 ಟನ್ ಪಾಲಿಯೆಸ್ಟರ್ ಸ್ಲಿಂಗನ್ನು ಕುಣಿಕೆಯಾಗಿ ಸುತ್ತಿ ಬಿಗಿದಿದ್ದೆವು. ಕುಣಿಕೆ ಹಾಕಿದಾಗ ಸಾಮರ್ಥ್ಯವು ಶೇಕಡಾ 80ಕ್ಕೆ, ಅಂದರೆ 1.6 ಟನ್ನಿಗೆ ಇಳಿಯುತ್ತದೆ ಎಂಬುದು ತಿಳಿದಿದ್ದರಿಂದ, ಲೆಕ್ಕ ಸರಿಯಿದೆ ಎಂದು ಎತ್ತಲು ಹೇಳಿದವನು ನಾನೇ. ಭಾರ ಸೊಂಟದೆತ್ತರಕ್ಕೆ ಏರುತ್ತಿದ್ದಂತೆ ದಪ್ಪ ಬಟ್ಟೆ ಹರಿದಂಥ ಸದ್ದಾಯಿತು. ಗೇರ್‌ಬಾಕ್ಸ್ ಒಂದು ಬದಿಗೆ ವಾಲಿ, ಹಗ್ಗ ಹಿಡಿದು ನಿಂತಿದ್ದ ಸಹೋದ್ಯೋಗಿಯ ಪಾದದಿಂದ ಒಂದು ಗೇಣು ದೂರದಲ್ಲಿ ನೆಲಕ್ಕಪ್ಪಳಿಸಿತು. ಯಾರಿಗೂ ಪೆಟ್ಟಾಗಲಿಲ್ಲ.

ಹರಿದ ಸ್ಲಿಂಗನ್ನು ಕೈಗೆತ್ತಿಕೊಂಡಾಗ ಗುರುತು ಸಿಕ್ಕಿತು. ಎರಡು ವಾರಗಳ ಹಿಂದೆ ನಾನೇ ಅದನ್ನು ಪರೀಕ್ಷಿಸಿ ಬದಿಗಿಟ್ಟಿದ್ದೆ: ಅಂಚಿನಲ್ಲಿ ಉಗುರು ತೂರುವಷ್ಟು ಸೀಳು, ಹೊಲಿಗೆಯ ಪಕ್ಕದಲ್ಲಿ ವೆಲ್ಡಿಂಗ್ ಕಿಡಿ ಬಿದ್ದು ನೂಲು ಕರಗಿ ಮಣಿಯಂತೆ ಗಟ್ಟಿಯಾದ ಚುಕ್ಕೆ, ಲೇಬಲ್ ಇದ್ದ ಜಾಗದಲ್ಲಿ ಬರೀ ದಾರದ ಎಳೆಗಳು. ಇವುಗಳಲ್ಲಿ ಯಾವುದೊಂದಿದ್ದರೂ ಸ್ಲಿಂಗ್ ತೆಗೆದುಹಾಕಲು ಸಾಕು. ಆದರೆ ನಾನು ಅದನ್ನು ಸ್ಟೋರಿನ ಮೂಲೆಗೆ ಎಸೆದು, ಬಳಸಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿದೆನೇ ಹೊರತು ಕತ್ತರಿಸಲಿಲ್ಲ. ಯಾರೋ ಅದನ್ನು ತೊಳೆದು, ಮಡಚಿ, ಮತ್ತೆ ಗೂಟಕ್ಕೆ ತೂಗುಹಾಕಿದ್ದರು. ಆ ದಿನ ಕ್ರೇನ್ ಕಾಯುತ್ತಿದೆ ಎಂಬ ಅವಸರದಲ್ಲಿ, ಎತ್ತುವ ಮುನ್ನ ಅದರ ಉದ್ದಕ್ಕೂ ಒಮ್ಮೆ ಕೈಯಾಡಿಸುವ ಕೆಲಸವನ್ನೂ ನಾನು ಬಿಟ್ಟಿದ್ದೆ. ಗೇರ್‌ಬಾಕ್ಸಿನ ಹರಿತವಾದ ಅಂಚಿಗೆ ರಕ್ಷಣೆಯ ಪಟ್ಟಿಯನ್ನೂ ಇಟ್ಟಿರಲಿಲ್ಲ. ಮೊದಲಿದ್ದ ಸೀಳನ್ನು ಆ ಅಂಚು ಪೂರ್ತಿಗೊಳಿಸಿತು.

ನಮ್ಮಲ್ಲಿ ಅನೇಕರು ಹೇಳುವ ಸಮಾಧಾನವೊಂದಿದೆ: ಬೆಲ್ಟ್ ಸ್ಲಿಂಗ್‌ಗಳನ್ನು ನಮೂದಿಸಿದ ಭಾರದ ಐದು ಅಥವಾ ಏಳು ಪಟ್ಟು ತಡೆಯುವಂತೆ ತಯಾರಿಸುತ್ತಾರಲ್ಲ, ಸಣ್ಣ ಗಾಯದಿಂದ ಏನಾದೀತು? ಆ ಲೆಕ್ಕ ಹೊಸ ಸ್ಲಿಂಗಿನದು. ಬಿಸಿಲಿಗೆ ಬಣ್ಣ ಮಾಸಿ ಬಿರುಸಾದ, ಕಾಸ್ಟಿಕ್ ಸೋಡಾದಂಥ ಕ್ಷಾರ ತಗುಲಿದ ಪಾಲಿಯೆಸ್ಟರಿನಲ್ಲಿ ಎಷ್ಟು ಬಲ ಉಳಿದಿದೆಯೆಂದು ಕಣ್ಣಳತೆಯಲ್ಲಿ ಯಾರೂ ಹೇಳಲಾರರು. ನೈಲಾನಿಗೆ ಆಮ್ಲವೇ ಶತ್ರು. ಲೇಬಲ್ ಕಿತ್ತುಹೋದರೆ ಅದು ಯಾವ ನೂಲು ಎಂಬುದೇ ತಿಳಿಯದು, ಬಣ್ಣ ನೋಡಿ ಟನ್ ಊಹಿಸುವುದೂ ಸಲ್ಲದು, ಏಕೆಂದರೆ ಎಲ್ಲ ತಯಾರಕರೂ ಒಂದೇ ಬಣ್ಣದ ಕ್ರಮವನ್ನು ಪಾಲಿಸುವುದಿಲ್ಲ.

ಉಕ್ಕಿನ ತಂತಿ ಹಗ್ಗದ, ಅಂದರೆ ವೈರ್ ರೋಪ್ ಸ್ಲಿಂಗ್‌ಗಳಲ್ಲೂ ಇದೇ ಕಥೆ. ತಂತಿಗಳನ್ನು ಹೊಸೆದ ಎಳೆಯೊಂದು ಹಗ್ಗದ ಸುತ್ತ ಒಂದು ಪೂರ್ತಿ ಸುತ್ತು ಬರುವಷ್ಟು ಉದ್ದದಲ್ಲಿ ಅಲ್ಲಲ್ಲಿ ಹತ್ತು ತಂತಿಗಳು, ಅಥವಾ ಒಂದೇ ಎಳೆಯಲ್ಲಿ ಐದು ತಂತಿಗಳು ತುಂಡಾಗಿದ್ದರೆ ಅದನ್ನು ಬಳಕೆಯಿಂದ ತೆಗೆಯಬೇಕು.

ಈಗ ನಾವು ತಿರಸ್ಕರಿಸಿದ ಸ್ಲಿಂಗನ್ನು ಅಲ್ಲೇ, ಎಲ್ಲರೆದುರು ಕತ್ತರಿಸುತ್ತೇವೆ. ಹುಕ್‌ಗೆ ಸಿಕ್ಕಿಸುವ ಎರಡೂ ತುದಿಯ ಕಣ್ಣುಗಳನ್ನು ಬೇರ್ಪಡಿಸಿ, ನಡುವಿನ ಪಟ್ಟಿಯನ್ನೂ ಮೊಳದುದ್ದಕ್ಕಿಂತ ಚಿಕ್ಕ ತುಂಡುಗಳಾಗಿಸುತ್ತೇವೆ. ಉದ್ದನೆಯ ತುಂಡು ಉಳಿದರೆ ಯಾರಾದರೂ ಅದಕ್ಕೆ ಗಂಟು ಹಾಕಿ ಭಾರ ಎತ್ತುತ್ತಾರೆ. ಅದನ್ನೂ ಕಣ್ಣಾರೆ ಕಂಡಿದ್ದೇನೆ.