ತೆಂಗಿನ ಬಿಳಿ ನೊಣಕ್ಕೆ ಔಷಧಿ, ಬೇವಿನೆಣ್ಣೆ, ಗಂಜಿ: ಮೂರೂ ಹೊಡೆದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೀರು ಮತ್ತು ಮೈದಾ ಗಂಜಿಗೆ. ಔಷಧಿ ಹೊಡೆಸಿ ದುಡ್ಡು ಕಳೆದುಕೊಂಡೆ. ಬೇವಿನೆಣ್ಣೆ ಹೊಡೆದು ಪಕ್ಕದ ಮನೆಯವರ ಸಂಡಿಗೆ ಹಾಳು ಮಾಡಿದೆ. ಕೊನೆಗೆ ಅಡುಗೆಮನೆಯ ಮೈದಾ ಡಬ್ಬದ ಹತ್ತಿರ ಬಂದು ನಿಂತೆ. ನಿಮ್ಮ ಮನೆ ಮುಂದೆ ಒಂದೋ ಎರಡೋ ತೆಂಗಿನ ಮರ ಇದ್ದು, ಅದರ ಕೆಳಗೇ ಕಾರು ನಿಲ್ಲಿಸುವವರಾದರೆ ಓದಿ. ಎಕರೆಗಟ್ಟಲೆ ತೋಟ ಇರುವವರ ಲೆಕ್ಕ ಬೇರೆ.

ನಮ್ಮದು ಮೈಸೂರಿನಲ್ಲಿ ನಲವತ್ತು ಅರವತ್ತರ ಸೈಟು. ಗೇಟಿನ ಹತ್ತಿರ ಒಂದು ತೆಂಗು, ಹಿತ್ತಲಲ್ಲಿ ಇನ್ನೊಂದು, ಪಕ್ಕದಲ್ಲಿ ಅಪ್ಪ ನೆಟ್ಟ ಬಾದಾಮಿ ಮಾವು. ಮೊದಲು ಕಣ್ಣಿಗೆ ಬಿದ್ದಿದ್ದು ಹುಳ ಅಲ್ಲ, ಜಿಗಟು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಗಾಜಿನ ಮೇಲೆ ಸಕ್ಕರೆ ಪಾಕ ಸಿಡಿದ ಹಾಗೆ ಚುಕ್ಕಿ. ವೈಪರ್ ಹಾಕಿದರೆ ಇನ್ನಷ್ಟು ಹರಡಿ ಎದುರಿಗಿನ ರಸ್ತೆಯೇ ಮಂಜುಮಂಜು. ಎರಡು ವಾರಕ್ಕೆ ತುಳಸಿ ಎಲೆ, ಮೆಟ್ಟಿಲು, ಸೋಲಾರ್ ಗಾಜು ಎಲ್ಲಕ್ಕೂ ಮಸಿ ಬಳಿದ ಹಾಗಾಯಿತು. ಅಮ್ಮ ಇದು ಹಿಂದಿನ ಬೀದಿ ಬೇಕರಿಯ ಹೊಗೆ ಅಂತಲೇ ಇದ್ದರು.

ಮಹಡಿ ಮೇಲಿಂದ ಒಂದು ಗರಿ ಎಳೆದು ತಿರುಗಿಸಿ ನೋಡಿದಾಗ ವಿಷಯ ಗೊತ್ತಾಯಿತು. ಎಲೆಯ ಅಡಿಯಲ್ಲಿ ಬಿಳಿ ಮೇಣದ ಸುರುಳಿಗಳು, ಯಾರೋ ಬೆರಳ ತುದಿಯಲ್ಲಿ ರಂಗೋಲಿ ಪುಡಿ ಸುತ್ತಿಸಿದ ಹಾಗೆ. ಗರಿ ಅಲ್ಲಾಡಿಸಿದರೆ ಪುಟ್ಟ ಬಿಳಿ ನೊಣಗಳು ಪುರ್ರನೆ ಎದ್ದವು. ಸುರುಳಿ ಬಿಳಿ ನೊಣ. ಮಧ್ಯ ಅಮೆರಿಕದ ಹುಳ ಇದು, ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2016ರಲ್ಲಿ, ಪೊಳ್ಳಾಚಿ ಕಡೆ. ಎಲೆಯ ರಸ ಹೀರಿ ಸಿಹಿ ಅಂಟು ಸುರಿಸುತ್ತದೆ, ಆ ಅಂಟಿನ ಮೇಲೆ ಕಪ್ಪು ಬೂಸ್ಟು ಬೆಳೆಯುತ್ತದೆ. ಮರ ಸೊರಗುತ್ತದೆ, ಆದರೆ ಇದೊಂದರಿಂದಲೇ ಸತ್ತುಹೋಗುವುದಿಲ್ಲ. ಅದು ಆಗಲೇ ಗೊತ್ತಿದ್ದರೆ ನನ್ನ 1,600 ರೂಪಾಯಿ ಉಳಿಯುತ್ತಿತ್ತು.

ಆ 1,600 ಹೋಗಿದ್ದು ಔಷಧಿಗೆ. ಪವರ್ ಸ್ಪ್ರೇಯರ್ ಇಟ್ಟುಕೊಂಡು ಮನೆಮನೆಗೆ ಬರುವ ಒಬ್ಬರನ್ನು ಕರೆಸಿದೆ. ಬಾಟಲಿಗೆ ಲೇಬಲ್ ಇರಲಿಲ್ಲ. ಏನು ಔಷಧಿ ಅಂದರೆ "ಒಳ್ಳೇದು ಸಾರ್, ಕಂಪನಿದು" ಅಂದರು. ಎಷ್ಟು ದಿನ ಎಳನೀರು ಕೀಳಬಾರದು ಅಂದರೆ "ಒಂದು ವಾರ ಬಿಡಿ, ಏನೂ ಆಗಲ್ಲ" ಅಂದರು. ಅಲ್ಲೇ ನನಗೆ ಹೊಟ್ಟೆ ಚುಳ್ ಅಂದಿತು. ಯಾಕೆಂದರೆ ಕೇರಳದಲ್ಲಿ 1998ರಲ್ಲಿ ಕಾಣಿಸಿಕೊಂಡ ತೆಂಗಿನಕಾಯಿಯ ನುಸಿ ನಮ್ಮ ತಿಪಟೂರು ಕಡೆಗೂ ಬಂದಾಗ ನಮ್ಮ ಮಾವ ಬೇರಿಗೆ ಔಷಧಿ ಕಟ್ಟುತ್ತಿದ್ದುದನ್ನು ನೋಡಿದ್ದೇನೆ. ಪೆನ್ಸಿಲ್ ದಪ್ಪದ ಎಳೆ ಬೇರನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಚಿಕ್ಕ ಪ್ಲಾಸ್ಟಿಕ್ ಚೀಲ ಅದಕ್ಕೆ ಸಿಕ್ಕಿಸಿ ದಾರ ಸುತ್ತುತ್ತಿದ್ದರು. ಆಮೇಲೆ 45 ದಿನ ಆ ಮರದ ಕಾಯಿ ಯಾರೂ ಮುಟ್ಟುವಂತಿರಲಿಲ್ಲ. ಇಲ್ಲಿ ಹೆಸರೇ ಇಲ್ಲದ ಔಷಧಿಗೆ ಒಂದು ವಾರ ಅಂತೆ! ನಾವೂ ಸುಮ್ನೆ ಎರಡು ತಿಂಗಳು ಎಳನೀರು ಬಿಟ್ಟೆವು.

ಫಲಿತಾಂಶ? ಹದಿನೈದು ದಿನ ಕಾರು ಲಕಲಕ. ಇಪ್ಪತ್ತೈದನೇ ದಿನ ಚುಕ್ಕಿ ಮತ್ತೆ ಶುರು, ಒಂದೂವರೆ ತಿಂಗಳಿಗೆ ಮೊದಲಿಗಿಂತ ಜಾಸ್ತಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಈ ನೊಣಕ್ಕೆ ಕೀಟನಾಶಕ ಹೊಡೆಯಬೇಡಿ ಅಂತ ಯಾಕೆ ಹೇಳುತ್ತಾರೆ ಅನ್ನುವುದು ಆಮೇಲೆ ತಿಳಿಯಿತು. ಎನ್ಕಾರ್ಸಿಯ ಅನ್ನುವ ಸಾಸಿವೆಗಿಂತ ಚಿಕ್ಕ ಕಣಜವೊಂದಿದೆ. ಅದು ಬಿಳಿ ನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ಔಷಧಿ ಹೊಡೆದರೆ ಮೊದಲು ಸಾಯುವುದು ಈ ಕಣಜ. ನೊಣ ಹೇಗೂ ಪಕ್ಕದ ಸೈಟಿನ ಮರದಿಂದ ಮತ್ತೆ ಬರುತ್ತದೆ, ಈ ಸಲ ತಡೆಯುವವರೇ ಇಲ್ಲ.

ಎರಡನೆಯದು ಬೇವಿನೆಣ್ಣೆ. ಕೇಳಿದವರೆಲ್ಲ ಹೇಳುವುದು ಇದನ್ನೇ. ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಸ್ವಲ್ಪ ಸೋಪು, ಹೊಡೀರಿ, ಮುಗೀತು. ಆ "ಸ್ವಲ್ಪ ಸೋಪು" ಅನ್ನುವ ಎರಡು ಮಾತು ನನ್ನ ನಾಲ್ಕು ಭಾನುವಾರ ತಿಂದಿತು.

ಮೊದಲ ಭಾನುವಾರ ಜನವರಿ ಚಳಿ. ಬಾಟಲಿ ಬಗ್ಗಿಸಿದರೆ ಎಣ್ಣೆ ಬರಲೇ ಇಲ್ಲ, ಒಳಗೆ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ಬಿಸಿನೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ನಿಲ್ಲಿಸಿದೆ. ಆಮೇಲೆ ಬಟ್ಟೆ ಸೋಪು ತುರಿದು ಬೋರ್‌ವೆಲ್ ನೀರಿಗೆ ಹಾಕಿ ಕಲಸಿದೆ. ನಮ್ಮ ಬೋರ್ ನೀರು ಗಡಸು ಅಂದರೆ ಗಡಸು, ಬೇಳೆ ಬೇಯುವುದಿಲ್ಲ. ಅದರಲ್ಲಿ ಸೋಪು ಕರಗುವ ಬದಲು ಒಡೆದ ಹಾಲಿನ ಹಾಗೆ ಗಂಟುಗಂಟಾಯಿತು, ಎಣ್ಣೆ ಮೇಲೆ ತೇಲಿತು. ಸ್ಪ್ರೇಯರ್‌ಗೆ ಸುರಿದು ಹತ್ತು ಸಲ ಒತ್ತುವಷ್ಟರಲ್ಲಿ ನಾಸಲ್ ಕಟ್ಟಿಕೊಂಡಿತು. ಬಿಚ್ಚಿ ಪಿನ್ನು ಹಾಕಿ ತೆಗೆದೆ. ಮತ್ತೆ ಹತ್ತು ಸಲ, ಮತ್ತೆ ಪಿನ್ನು. ಕೊನೆಗೆ ಬಾಡಿಗೆ ಸ್ಪ್ರೇಯರ್ ಅಂಗಡಿಯವರು ವಾಶರ್ ಹೋಗಿದೆ ಅಂತ 80 ರೂಪಾಯಿ ಜಾಸ್ತಿ ಹಿಡಿದರು.

ಎರಡನೇ ಸಲ ಬುದ್ಧಿ ಬಂತು, ಅರ್ಧ. ಎಣ್ಣೆಯನ್ನು ನೀರಿಗೆ ಹಾಕಬಾರದು. ಒಂದು ಚೊಂಬಿನಲ್ಲಿ ಎಣ್ಣೆ ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮಜ್ಜಿಗೆ ಕಡೆಯುವ ಹಾಗೆ ಕಡೆದು, ಸ್ವಲ್ಪಸ್ವಲ್ಪ ಕಾವೇರಿ ನೀರು ಬಿಡುತ್ತಾ ಹೋದರೆ ಹಾಲಿನ ಬಣ್ಣಕ್ಕೆ ಬರುತ್ತದೆ. ಆ ಬಣ್ಣ ಬಂದಮೇಲೆ ಉಳಿದ ನೀರು. ಈ ಸಲ ನಾಸಲ್ ಕಟ್ಟಲಿಲ್ಲ. ಮರ ಮಾತ್ರ ನಲವತ್ತು ಅಡಿ, ಕೈ ಸ್ಪ್ರೇಯರ್ ನೆಲದಿಂದ ಹದಿನೈದಡಿ ದಾಟುವುದಿಲ್ಲ.

ಮಹಡಿ ಹತ್ತಿ ಹೊಡೆಯೋಣ ಅಂದೆ. ಅದು ಮೂರನೇ ಭಾನುವಾರ, ಅಷ್ಟರಲ್ಲಿ ಫೆಬ್ರವರಿ ಕೊನೆ, ಬಿಸಿಲು ಏರಿತ್ತು. ಪಕ್ಕದ ಮನೆಯ ಆಂಟಿ ಅವರ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ನಾನು ನೋಡಲಿಲ್ಲ, ಗಾಳಿ ನೋಡಿತು. ಬೇವಿನೆಣ್ಣೆಯ ವಾಸನೆ ಗೊತ್ತಲ್ವಾ? ಸಂಜೆ ಅವರು ಕಾಂಪೌಂಡ್ ಹತ್ತಿರ ಬಂದು, "ಏನಪ್ಪಾ, ನಮ್ಮ ಸಂಡಿಗೆಗೂ ಹುಳ ಬಿದ್ದಿದೆ ಅಂದ್ಕೊಂಡ್ಯಾ?" ಅಂದರು. ಬೈದಿದ್ದರೆ ವಾಸಿ ಇತ್ತು.

ನಾಲ್ಕನೇ ಭಾನುವಾರ ಅವರ ತಾರಸಿ ಖಾಲಿ ಇದೆಯಾ ಅಂತ ಕೇಳಿ, ಗಾಳಿ ಇಲ್ಲದ ಬೆಳಿಗ್ಗೆ ಆರಕ್ಕೆ ಹೊಡೆದೆ. ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ಎಣ್ಣೆ ಬಿದ್ದ ಗರಿಗಳಲ್ಲಿ ಮರಿಗಳು ಕಡಿಮೆಯಾದವು. ಆದರೆ ಎಲೆಯ ಅಡಿಗೆ ಬಿದ್ದರೆ ಮಾತ್ರ, ಮೇಲೆ ಬಿದ್ದದ್ದು ದಂಡ. ಬೂಸ್ಟು ಮಾತ್ರ ಇದ್ದಲ್ಲೇ ಇತ್ತು. ಗಿಡ್ಡ ಮರ ಇದ್ದು ನೊಣ ವಿಪರೀತ ಆಗಿದ್ದರೆ ಬೇವಿನೆಣ್ಣೆ ಸರಿ, ನನ್ನ ಮರಕ್ಕೆ ಅಲ್ಲ.

ಇನ್ನು ನನ್ನ ಗಂಜಿ. ಕಾಸರಗೋಡಿನವರು ಹೇಳುವುದು ಶೇಕಡಾ 1ರ ಗಂಜಿ, ಅಂದರೆ 10 ಲೀಟರ್ ನೀರಿಗೆ 100 ಗ್ರಾಂ ಪಿಷ್ಟ. ನಾನು ಮೈದಾ ತೆಗೆದುಕೊಂಡೆ. ಮೊದಲು ತಣ್ಣೀರಿನಲ್ಲಿ ಕಲಸಿ, ಗಂಟಿಲ್ಲದ ಹಾಗೆ ಕಾಯಿಸಿ, ಆರಿಸಿ, ಪಂಚೆ ಬಟ್ಟೆಯಲ್ಲಿ ಸೋಸಿ ಹೊಡೆದೆ. ಬಿಸಿಲಿಗೆ ಒಣಗಿದಾಗ ಅದು ಎಲೆಯ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ. ಮೂರನೇ ದಿನಕ್ಕೆ ಪೊರೆ ಸಿಪ್ಪೆಸಿಪ್ಪೆಯಾಗಿ ಎದ್ದು ಕಪ್ಪು ಬೂಸ್ಟನ್ನೂ ಎತ್ತಿಕೊಂಡು ಉದುರಿತು. ಸುಟ್ಟ ಹಪ್ಪಳದ ಚೂರುಗಳ ಹಾಗೆ ಅಂಗಳ ತುಂಬಾ. ಕೆಳಗೆ ಹಸಿರು ಗರಿ ಕಂಡಾಗ ಅಮ್ಮನನ್ನು ಕರೆದು ತೋರಿಸಿದೆ. ಬೇಕರಿಯ ಮೇಲಿನ ಆರೋಪ ಅವತ್ತು ವಾಪಸ್ಸಾಯಿತು.

ಗಂಜಿ ನೊಣ ಕೊಲ್ಲುವುದಿಲ್ಲ, ಬೂಸ್ಟು ತೆಗೆಯುತ್ತದೆ ಅಷ್ಟೆ. ನೊಣಕ್ಕೆ ನೀರು. ಸಂಪಿನ ಮೋಟಾರ್ ಪೈಪಿಗೆ ಒಂದು ಟಿ ಮತ್ತು ಗೇಟ್‌ವಾಲ್ವ್ ಹಾಕಿಸಿದೆ. ಪ್ಲಂಬರ್, ಸಾಮಾನು ಸೇರಿ 650 ರೂಪಾಯಿ. ಮಹಡಿಯಿಂದ ಪೈಪ್ ಹಿಡಿದು ಬಾಯಿಗೆ ಹೆಬ್ಬೆರಳು ಒತ್ತಿ ಗರಿಯ ಅಡಿಗೆ ರಭಸವಾಗಿ ನೀರು ಬಿಟ್ಟರೆ ಮೇಣ, ಮೊಟ್ಟೆ, ಮರಿ ಎಲ್ಲ ತೊಳೆದುಕೊಂಡು ಹೋಗುತ್ತವೆ. ವಾರಕ್ಕೊಮ್ಮೆ, ಹತ್ತು ನಿಮಿಷ. ಹಿತ್ತಲ ಮರಕ್ಕೆ ಮಹಡಿಯಿಂದ ನೀರು ಸಿಗುವುದಿಲ್ಲ, ಅದಕ್ಕೆ ಕಾಯಿ ಕೀಳುವವರು ಹತ್ತಿದಾಗ ಅವರ ಕೈಗೇ ಪೈಪ್ ಕೊಡುತ್ತೇನೆ.

ಎರಡು ತಿಂಗಳಾದ ಮೇಲೆ ಒಂದು ಗರಿ ತುಂಡನ್ನು ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಬಿಳಿ ನೊಣ ತಾನೇ ಹೊರಬಂದಿದ್ದರೆ ಅದರ ಗೂಡಿನ ಮೇಲೆ ಇಂಗ್ಲಿಷಿನ ಟಿ ಆಕಾರದ ಸೀಳು ಇರುತ್ತದೆ. ಕಣಜ ಬಂದಿದ್ದರೆ ದುಂಡಗಿನ ತೂತು, ಸೂಜಿಯಲ್ಲಿ ಚುಚ್ಚಿದ ಹಾಗೆ. ಎಣಿಸಿದ ಇಪ್ಪತ್ತರಲ್ಲಿ ಹದಿಮೂರು ದುಂಡಗೆ. ಅವತ್ತೇ ಸ್ಪ್ರೇಯರ್ ಬಾಡಿಗೆಗೆ ತರುವುದು ಬಿಟ್ಟೆ.

ಹಳದಿ ಅಂಟು ಹಾಳೆಯನ್ನೂ ಕಟ್ಟಿದ್ದೆ. ನೊಣ ಸಿಕ್ಕಿತು, ನಮ್ಮ ರಸ್ತೆಯ ಧೂಳು ಅದಕ್ಕಿಂತ ಜಾಸ್ತಿ ಸಿಕ್ಕಿತು. ಬೆಂಗಳೂರಿನ ಹೆಬ್ಬಾಳದ ಕೀಟ ಸಂಪನ್ಮೂಲ ಸಂಸ್ಥೆಯವರು ಈ ನೊಣಕ್ಕೆ ರೋಗ ತರಿಸುವ ಒಂದು ಶಿಲೀಂಧ್ರ ಕೊಡುತ್ತಾರೆ, ಎರಡು ಮರಕ್ಕೆ ಅಷ್ಟು ದೂರ ಹೋಗಲಿಲ್ಲ.

ನೊಣ ಬಿಟ್ಟು ಈಗ ಗಾಳಿ ಮಳೆಗೆ ಮುಂಚೆ ಮರ ಕತ್ತರಿಸುವ ವಿಷಯ. ಏಪ್ರಿಲ್ ಬಂದರೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಮರ ಬೋಳಿಸುವ ಆತುರ. ನಾನೂ ಆ ತಪ್ಪು ಮಾಡಿದ್ದೇನೆ. ಮೂರು ವರ್ಷದ ಹಿಂದೆ ಮಾವಿನ ತಲೆಯನ್ನು ಪೂರ್ತಿ ಹಾರಿಸಿದ್ದೆ, 2,000 ರೂಪಾಯಿಗೆ. ಕಡಿದ ಜಾಗದಲ್ಲೆಲ್ಲ ಗುಂಪುಗುಂಪಾಗಿ ನೆಟ್ಟಗೆ ಚಿಗುರು ಎದ್ದು ಎರಡೇ ವರ್ಷಕ್ಕೆ ಹತ್ತಡಿ ಆದವು. ನೋಡಲು ಸೊಂಪು, ಆದರೆ ಅವು ಅಂಟಿಕೊಂಡಿರುವುದು ಮೇಲ್ಪದರಕ್ಕೆ ಮಾತ್ರ. ಕಳೆದ ಮೇ ತಿಂಗಳ ಒಂದು ರಾತ್ರಿಯ ಗಾಳಿಗೆ ಒಂದು ಗೊಂಚಲು ಸಿಪ್ಪೆ ಸುಲಿದ ಹಾಗೆ ಕಿತ್ತು ಕಿಟಕಿಯ ಗ್ರಿಲ್ ಮೇಲೆ ಬಿತ್ತು. ಬೆಳಿಗ್ಗೆ ಆ ಗಾಯಕ್ಕೆ ಬೆರಳು ಹಾಕಿದರೆ ಒಳಗೆ ಕಾಫಿ ಪುಡಿಯ ಹಾಗೆ ಕೊಳೆತ ಮರ, ಅದರೊಳಗೆ ಇರುವೆ ಗೂಡು.

ಈ ವರ್ಷ ಬೇರೆಯವರಿಂದ ತೆಳುವು ಮಾಡಿಸಿದೆ. ಒಣಗಿದ್ದು, ಒಂದಕ್ಕೊಂದು ಉಜ್ಜುವ ಕೊಂಬೆ, ಮನೆ ಮೇಲೆ ಬಗ್ಗಿದ್ದು, ಇಷ್ಟೇ ತೆಗೆದರು. ಕೊಂಬೆಯನ್ನು ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಒಂದು ಗೇಣು ಆಚೆ ಮೇಲಿನಿಂದ ಕೊಯ್ದು ಬೀಳಿಸಿ, ಉಳಿದ ಮೋಟನ್ನು ಬುಡದ ಉಬ್ಬು ಬಿಟ್ಟು ಕತ್ತರಿಸಿದರು. ಹಾಗೆ ಮಾಡಿದರೆ ಸಿಪ್ಪೆ ಸೀಳುವುದಿಲ್ಲ. 3,500 ತೆಗೆದುಕೊಂಡರು, ಹಣ್ಣು ಮುಗಿದ ಮೇಲೇ ಬರುತ್ತೇನೆ ಅಂತ ಹಟ ಹಿಡಿದರು. ಗಾಳಿ ಮರದೊಳಗಿಂದ ಹಾದುಹೋಗುವುದು ಈಗ ಕಣ್ಣಿಗೇ ಕಾಣುತ್ತದೆ. ಅಂದಹಾಗೆ, ಕಡಿದೇ ಹಾಕೋಣ ಅನ್ನುವವರು ಕೆಲವು ಜಾತಿಯ ಮರ ಬಿಟ್ಟರೆ ಸ್ವಂತ ಕಾಂಪೌಂಡಿನ ಮರಕ್ಕೂ 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಮರ ಅಧಿಕಾರಿಯ ಅನುಮತಿ ತೆಗೆದುಕೊಳ್ಳಬೇಕು. ತಂತಿ ಬಿಗಿದು ಮರ ನಿಲ್ಲಿಸುವ ಉಪಾಯ ಬೇಡವೇ ಬೇಡ, ನಮ್ಮ ಎದುರು ಮನೆಯ ಸಂಪಿಗೆಗೆ ಕಟ್ಟಿದ ತಂತಿ ತೊಗಟೆಯೊಳಗೆ ಹೂತುಹೋಗಿದೆ.

ತೆಂಗಿಗೂ ಇದೇ ಕಥೆ. ಮಳೆಗೆ ಮುಂಚೆ ಸುಳಿಯೊಂದನ್ನು ಬಿಟ್ಟು ಹಸಿರು ಗರಿಯೆಲ್ಲ ಕತ್ತರಿಸಿ ನವಿಲುಕೋಸಿನ ಹಾಗೆ ಮಾಡಿಬಿಡುತ್ತಾರೆ. ಮರ ಊಟ ಮಾಡುವುದೇ ಆ ಗರಿಯಿಂದ. ಜೊತೆಗೆ ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಹುಡುಕಿಕೊಂಡು ಬರುತ್ತದೆ, ಬಿಳಿ ನೊಣದ ಹಾಗಲ್ಲ, ಅದು ಮರವನ್ನೇ ಕೊಲ್ಲುತ್ತದೆ. ಒಣಗಿ ಜೋತ ಗರಿ, ಬಲಿತ ಗೊನೆ, ಇಷ್ಟು ಇಳಿಸಿದರೆ ಸಾಕು. ಇಳಿಯುವ ಮುಂಚೆ ಸುಳಿಯ ಪಕ್ಕದ ಸಂದುಗಳಿಗೆ ಬಟ್ಟೆ ಬೀರುವಿನಲ್ಲಿ ಇಡುವ ನುಸಿ ಗುಳಿಗೆ ಮೂರು ಹಾಕಿ ಮೇಲೆ ಮರಳು ಮುಚ್ಚಲು ಹೇಳುತ್ತೇನೆ, ಅದು ಸುಳಿ ಕೊರೆಯುವ ಕೊಂಬಿನ ದುಂಬಿ ಬಾರದಿರಲಿ ಅಂತ.

ನನಗೆ ಭಾನುವಾರ ಬೆಳಿಗ್ಗೆ ಬಿಡುವಿದೆ, ಸಂಪಿನಲ್ಲಿ ನೀರಿದೆ, ವಾರಕ್ಕೆರಡು ಎಳನೀರು ಕುಡಿಯುವ ಅಮ್ಮ ಇದ್ದಾರೆ. ಹಾಗಾಗಿ ನೀರು, ಗಂಜಿ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಮನೆಯಾದರೆ ನೀರು ಬಿಡುವುದು ದುಬಾರಿ, ಅಂಥವರು ಗಂಜಿ ಒಂದನ್ನೇ ಹೊಡೆದು ಮಳೆಗಾಲಕ್ಕೆ ಕಾಯಿರಿ. ಜೋರು ಮಳೆಗೆ ನೊಣ ತಾನಾಗಿಯೇ ಇಳಿಯುತ್ತದೆ. ಕಾರಿಗೆ ನಾನು ಕವರ್ ತಂದೆ, 900 ರೂಪಾಯಿ. ಅದನ್ನು ಮೊದಲ ದಿನವೇ ತರಬೇಕಿತ್ತು.

ಮೊನ್ನೆ ಇಳಿಸಿದ ಕಾಯಿಯಲ್ಲಿ ಆರು ಪಕ್ಕದ ಮನೆ ಆಂಟಿಗೆ ಕೊಟ್ಟು ಬಂದೆ. ತೆಗೆದುಕೊಂಡು ಮೂಸಿ ನೋಡಿದರು.